ಎರಡನೆಯ ಮಗ್ಗುಲು

ಇಂಗ್ಲೆಂಡಿನ ಕವೆಂಟ್ರಿ ನಗರದ ‘ದಿ ಸ್ಪೆಷಲ್ಸ್’ ವಾದ್ಯತಂಡದ ಎರಡನೆಯ ಧ್ವನಿಮುದ್ರಿಕೆ ‘ಮೋರ್ ಸ್ಪೆಷಲ್ಸ್’ ಹೊರಬಂದದ್ದು 1980ರಲ್ಲಿ. ಅದರ ಮೊದಲನೆಯ ಮಗ್ಗುಲನ್ನು ಕೊಂಡಾಡಿ, ಎರಡನೆಯದನ್ನು ದಾರಿ ತಪ್ಪಿದ ಪ್ರಯೋಗವೆಂದು ಬದಿಗೆ ಸರಿಸುವ ಕೇಳುಗರು ಇದ್ದಾರೆ. ಅವರ ಮಾತಿನಲ್ಲಿ ಹುರುಳೇ ಇಲ್ಲವೆಂದು ಹೇಳಲಾರೆ. ಆದರೂ ಈ ಮುದ್ರಿಕೆಯ ಜೀವವಿರುವುದು ಎರಡನೆಯ ಮಗ್ಗುಲಿನಲ್ಲೇ ಎಂದು ನನ್ನ ಎಣಿಕೆ.

‘ಸ್ಕಾ’ ಎಂಬುದು ಜಮೈಕಾ ದ್ವೀಪದ ಕುಣಿತದ ಸಂಗೀತ. 1950ರ ದಶಕದ ಕೊನೆಗೆ ಹುಟ್ಟಿ, ಆ ನಾಡು ಸ್ವಾತಂತ್ರ್ಯ ಪಡೆದ 1962ರ ಸುಮಾರಿಗೆ ಅಲ್ಲಿ ಮನೆಮಾತಾಯಿತು. ತಾಳದ ಪೆಟ್ಟು ಬೀಳುವಲ್ಲಿ ಗಿಟಾರು ಸುಮ್ಮನಿದ್ದು, ಎರಡು ಪೆಟ್ಟುಗಳ ನಡುವಣ ಸಂದಿನಲ್ಲಿ ಮಿಡಿಯುತ್ತದೆ. ಕೇಳುವವನ ಕಾಲು ತಾನಾಗಿ ಏಳುತ್ತದೆ. ವಲಸೆ ಬಂದ ಜಮೈಕನ್ನರೊಡನೆ ಅದು ಇಂಗ್ಲೆಂಡಿಗೂ ಬಂತು. 1979ರಲ್ಲಿ ಜೆರ್ರಿ ಡ್ಯಾಮರ್ಸ್ ‘ಟು ಟೋನ್’ ಎಂಬ ರೆಕಾರ್ಡು ಕಂಪನಿಯನ್ನು ತೆರೆದು, ಕರಿಯರೂ ಬಿಳಿಯರೂ ಕೂಡಿದ ತನ್ನ ತಂಡದಿಂದ ಆ ಹಳೆಯ ಸಂಗೀತಕ್ಕೆ ಮರುಹುಟ್ಟು ಕೊಡಿಸಿದ. (ಈ ಡ್ಯಾಮರ್ಸ್ ಹುಟ್ಟಿದ್ದು 1955ರಲ್ಲಿ, ನಮ್ಮ ಮೈಸೂರಿನ ನೆರೆಯ ಊಟಿಯಲ್ಲಿ, ಪಾದ್ರಿಯೊಬ್ಬರ ಮಗನಾಗಿ. ಆತನ ಸಂಗೀತಕ್ಕೂ ಇದಕ್ಕೂ ಸಂಬಂಧವೇನಿಲ್ಲ; ಸುಮ್ಮನೆ ಹೇಳಿದೆ.) ಅದೇ ವರ್ಷ ಎಲ್ವಿಸ್ ಕಾಸ್ಟೆಲೊ ನಿರ್ಮಾಣದಲ್ಲಿ ಬಂದ ಮೊದಲನೆಯ ಮುದ್ರಿಕೆಯಲ್ಲಿ ಬೀದಿಯ ಬಿಸಿಯಿತ್ತು, ಒರಟುತನವಿತ್ತು. ಜನ ಹುಚ್ಚೆದ್ದು ಕುಣಿದರು. ಅದನ್ನೇ ಇನ್ನೊಮ್ಮೆ ಮಾಡಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ.

ಡ್ಯಾಮರ್ಸ್ ಮಾಡಿದ್ದು ಬೇರೆ. ದೊಡ್ಡ ಹೋಟೆಲುಗಳ ಪಡಸಾಲೆಯಲ್ಲಿ, ವಿಮಾನನಿಲ್ದಾಣದಲ್ಲಿ, ಯಾರೂ ಬೇಕೆಂದು ಕೇಳದಿದ್ದರೂ ಎಲ್ಲರ ಕಿವಿಗೂ ಬೀಳುವ ಒಂದು ಬಗೆಯ ಸಪ್ಪೆ ಇಂಪು ಉಂಟಷ್ಟೆ. ಸಂಗೀತದ ರುಚಿ ಬಲ್ಲವರು ಅದನ್ನು ಸಂಗೀತವೆಂದೇ ಗಣಿಸುವುದಿಲ್ಲ. ಆತ ಕೈಯಿಟ್ಟದ್ದು ಅದಕ್ಕೆ. ‘ಇಂಟರ್‌ನ್ಯಾಷನಲ್ ಜೆಟ್ ಸೆಟ್’ ಎಂಬ ಹಾಡನ್ನು ಕೇಳಿ. ಆರ್ಗನ್ನು ಹಾವಾಡಿಗನ ಪುಂಗಿಯಂತೆ ಬಳುಕುತ್ತದೆ. ಟೆರ್ರಿ ಹಾಲ್‌ನ ದನಿಯಲ್ಲಿ ಸಿಟ್ಟಿಲ್ಲ, ಅಳುವಿಲ್ಲ, ಬೇಸರವೊಂದಿದೆ. ವಿಮಾನದಲ್ಲಿ ಕುಳಿತ ಸುಖಜೀವಿಗಳನ್ನು ಅಣಕಿಸುತ್ತಿದ್ದಾನೆಂದು ನಾವು ನಗುತ್ತಿರುವಾಗಲೇ ವಿಮಾನ ಕೆಳಗಿಳಿಯತೊಡಗುತ್ತದೆ, ಇಂಪು ಮಾತ್ರ ನಿಲ್ಲುವುದಿಲ್ಲ. ಹಾಸ್ಯಕ್ಕೂ ಭಯಾನಕಕ್ಕೂ ಪರಸ್ಪರ ವಿರೋಧವೆಂದು ನಮ್ಮ ಆಲಂಕಾರಿಕರ ಲೆಕ್ಕ. ಇಲ್ಲಿ ಅವೆರಡೂ ಒಂದೇ ಆಸನದಲ್ಲಿ ಕುಳಿತಿವೆ. ಸಪ್ಪೆತನವೆಂದು ದೂರುವವರು, ಆ ಸಪ್ಪೆತನವೇ ವ್ಯಂಜಕವಾಗಿರುವುದನ್ನು ಗಮನಿಸಿಲ್ಲ.

ಮುದ್ರಿಕೆಯ ಕಟ್ಟಡದಲ್ಲೂ ಇದೇ ಜಾಣ್ಮೆಯಿದೆ. ಅದು ತೆರೆಯುವುದು ‘ಎಂಜಾಯ್ ಯುವರ್‌ಸೆಲ್ಫ್’ ಎಂಬ ಗೀತೆಯಿಂದ. 1940ರ ದಶಕದ ಅಮೆರಿಕದ ಗೀತೆ ಅದು, ಜಮೈಕಾದ ಪ್ರಿನ್ಸ್ ಬಸ್ಟರ್ ಅದನ್ನು ತನ್ನ ನಾಡಿನ ತಾಳಕ್ಕೆ ಹೊಂದಿಸಿ ಹಾಡಿದ್ದ. ಮೊದಲ ಸಲ ಅದು ಮದುವೆಮನೆಯ ಗದ್ದಲದಂತಿದೆ. ಕೊನೆಯಲ್ಲಿ ಮತ್ತೆ ಬರುವಾಗ ನಡೆ ನಿಧಾನವಾಗಿದೆ, ಗೋ-ಗೋಸ್ ತಂಡದ ಹೆಂಗಸರ ಕೊರಳು ಹಿಂದೆ ಸೇರಿದೆ. ಅದೇ ಮಾತು, ಅರ್ಥ ಬೇರೆ. ಆಯುಷ್ಯ ಉಳಿದಿಲ್ಲ ಎಂಬುದೊಂದೇ ಈಗ ಕೇಳುತ್ತದೆ. ‘ಮ್ಯಾನ್ ಅಟ್ ಸಿ ಅಂಡ್ ಎ’ ಹಾಡು ಅಣುಯುದ್ಧದ ಭೀತಿಯನ್ನು ಒಂದು ಬಟ್ಟೆಯಂಗಡಿಯ ಹೆಸರಿನ ಕೆಳಗೆ ನಿಲ್ಲಿಸಿದೆ. ಕಾರಿನ ಕಾರ್ಖಾನೆಗಳನ್ನೇ ನಂಬಿ ಬಾಳಿದ ಕವೆಂಟ್ರಿಯಲ್ಲಿ ಆ ದಿನಗಳಲ್ಲಿ ಕೆಲಸ ಕಳೆದುಕೊಂಡವರಿಗೆ ಭೀತಿಗಾಗಿ ಅಷ್ಟು ದೂರ ಹೋಗಬೇಕಾಗಿಯೂ ಇರಲಿಲ್ಲ.

ಎಲ್ಲವೂ ಗೆದ್ದಿದೆಯೆಂದಲ್ಲ. ‘ಹಾಲಿಡೇ ಫೋರ್ಟ್‌ನೈಟ್’ನಲ್ಲಿ ಅಣಕ ತಾನು ಅಣಕಿಸುವ ವಸ್ತುವಿಗಿಂತ ಮೇಲೇಳುವುದಿಲ್ಲ. ‘ಸಾಕ್ ಇಟ್ ಟು ದೆಮ್ ಜೆ.ಬಿ.’ ಜಾಗ ತುಂಬಲು ಬಂದದ್ದು. ಉಳಿದಲ್ಲಿ ಕೃತಿ ಬರಿಯ ಕುಚೇಷ್ಟೆಯಾಗದಂತೆ ಕಾಪಾಡಿದ ಪುಣ್ಯದಲ್ಲಿ ದೊಡ್ಡ ಪಾಲು ರಿಕೊ ರೊಡ್ರಿಗೆಸ್‌ಗೆ ಸಲ್ಲಬೇಕು. ಕಿಂಗ್‌ಸ್ಟನ್ನಿನ ಆಲ್ಫಾ ಶಾಲೆಯಲ್ಲಿ ಕಲಿತು, ಸ್ಕಾ ಹುಟ್ಟಿದಂದಿನಿಂದ ಅದರೊಡನಿದ್ದ ಹಿರಿಯ ಆತ. ಅವನ ಟ್ರೊಂಬೋನಿನಲ್ಲಿ ಅಣಕವೇ ಇಲ್ಲ. ಸುತ್ತಲಿನವರು ಸೋಗು ಹಾಕಿರುವಾಗ ಮುಖಕ್ಕೆ ಬಣ್ಣ ಬಳಿಯದೆ ರಂಗಕ್ಕೆ ಬಂದ ಭಾಗವತನಂತೆ ಅವನ ದನಿ.

ಈ ಸಾಹಸಕ್ಕೆ ತಂಡ ತೆತ್ತ ಬೆಲೆ ಸಣ್ಣದಲ್ಲ. ಗಿಟಾರಿನ ರಾಡಿ ಬೈಯರ್ಸ್‌ಗೆ ಬೇಕಾದದ್ದು ರಾಕ್ ಸಂಗೀತದ ಕಾವು. ಡ್ಯಾಮರ್ಸ್‌ನ ಹೋಟೆಲು ಇಂಪು ಅವನಿಗೆ ಒಗ್ಗಲಿಲ್ಲ. ಬಿರುಕು ಬೆಳೆಯಿತು. 1981ರ ಬೇಸಗೆಯಲ್ಲಿ, ಇಂಗ್ಲೆಂಡಿನ ನಗರಗಳಲ್ಲಿ ದಂಗೆಗಳು ನಡೆಯುತ್ತಿದ್ದಾಗ, ಅವರ ‘ಘೋಸ್ಟ್ ಟೌನ್’ ಮೂರು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಪಾಳುಬಿದ್ದ ಊರಿನ ಆ ಹಾಡಿನ ಆರ್ಗನ್ನನ್ನು ಕೇಳಿದವರು ಅದರ ತವರನ್ನು ‘ಮೋರ್ ಸ್ಪೆಷಲ್ಸ್’ನ ಎರಡನೆಯ ಮಗ್ಗುಲಿನಲ್ಲಿ ಸುಲಭವಾಗಿ ಗುರುತಿಸಬಹುದು. ಅದೇ ವರ್ಷ ಹಾಲ್, ನೆವಿಲ್ ಸ್ಟೇಪಲ್, ಲಿನ್ವಲ್ ಗೋಲ್ಡಿಂಗ್ ಮೂವರೂ ತಂಡ ಬಿಟ್ಟು ಹೊರಟರು.