ಅಮ್ಮನ ವೋಟು

ತಮಗೆ ಹಿಡಿಸದ ಮುಖಂಡರು ಗೆದ್ದಾಗಲೆಲ್ಲ ಓದಿದವರ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ಜನಕ್ಕೆ ಬುದ್ಧಿಯಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲೂ ಈ ಮಾತಿಗೆ ಬರವಿಲ್ಲ. ಯೋಚಿಸುವ ಶ್ರಮ ತಪ್ಪಿಸಿಕೊಳ್ಳಲು ಇದೊಂದು ಸುಲಭದ ದಾರಿ ಎಂದು ನನಗನ್ನಿಸುತ್ತದೆ. 1978ರ ಚಿಕ್ಕಮಗಳೂರನ್ನೇ ನೋಡಿ.

ಇಪ್ಪತ್ತೊಂದು ತಿಂಗಳ ತುರ್ತುಪರಿಸ್ಥಿತಿಯ ಸಿಟ್ಟಿಗೆ 1977ರಲ್ಲಿ ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲಿ ಸೋತರು. ಉತ್ತರಪ್ರದೇಶ, ಬಿಹಾರಗಳಲ್ಲಿ ಅವರ ಪಕ್ಷಕ್ಕೆ ಒಂದು ಸೀಟೂ ದಕ್ಕಲಿಲ್ಲ. ಅದೇ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 26 ಸೀಟು ಕೊಟ್ಟಿತು. ಮರುವರ್ಷ ನವೆಂಬರಿನಲ್ಲಿ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಚಿಕ್ಕಮಗಳೂರಿನಲ್ಲಿ ನಿಂತು, ವೀರೇಂದ್ರ ಪಾಟೀಲರಂಥವರನ್ನು 77 ಸಾವಿರಕ್ಕೂ ಹೆಚ್ಚು ವೋಟುಗಳಿಂದ ಸೋಲಿಸಿದರು.

ಉತ್ತರದಲ್ಲಿ ಸಂತಾನಹರಣ ಚಿಕಿತ್ಸೆಗೆ ಇಂತಿಷ್ಟು ಜನರನ್ನು ಕರೆತರಬೇಕೆಂದು ನಮ್ಮಂಥ ಮೇಷ್ಟ್ರುಗಳಿಗೂ ಗುರಿ ಹಾಕಿದ್ದರು. ಆ ಬಲವಂತದ ಬಿಸಿ ನಮ್ಮ ಕಡೆ ಅಷ್ಟಾಗಿ ತಟ್ಟಲಿಲ್ಲ. ಇಲ್ಲಿ ದೇವರಾಜ ಅರಸರ 1974ರ ಕಾನೂನು ಬಂದು ಗೇಣಿದಾರರು ಭೂಮಿಗೆ ಒಡೆಯರಾಗುತ್ತಿದ್ದರು. ಉಂಡ ಮನೆಯ ಋಣ ಎನ್ನೋಣವೇ? ಹಾಗಾದರೆ 1979ರಲ್ಲಿ ಅರಸರು ಇಂದಿರಾರಿಂದ ಬೇರೆಯಾದಾಗ ಆ ಋಣ ಅರಸರಿಗೇ ಸಲ್ಲಬೇಕಿತ್ತು. 1980ರಲ್ಲಿ ಇಂದಿರಾ ಪಕ್ಷಕ್ಕೆ ಇಲ್ಲಿ 27 ಸೀಟು ಬಂತು. ಅರಸರಿಗೆ ಒಂದೂ ಇಲ್ಲ. ಪಾಪ, ಕೊಟ್ಟ ಕೈ ಮರೆತುಹೋಯಿತು!

ಲೆಕ್ಕಕ್ಕೆ ಸಿಗದ್ದು ಇನ್ನೇನೋ ಇತ್ತು. ನಮ್ಮಜ್ಜಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಭಾಗದ ಪಂಚಾಯಿತಿಯಲ್ಲಿ ಮೈದುನರೆದುರು ಒಬ್ಬಳೇ ನಿಂತವಳು. ಇಷ್ಟು ಜನ ಗಂಡಸರು ಸೇರಿ ಒಬ್ಬ ಹೆಂಗಸನ್ನು ಅಟ್ಟಾಡಿಸುತ್ತಾರಲ್ಲ ಎಂಬುದೊಂದೇ ಅವಳ ಸಂಕಟ. ಇಂದಿರಾ ಅವಳಿಗೆ ಪ್ರಧಾನಿಯಲ್ಲ, ಅಮ್ಮ. ಅಮ್ಮನ ತಪ್ಪನ್ನು ಹೊರಗಿನವರು ಎಣಿಸಿದಷ್ಟೂ ಮಕ್ಕಳು ಸೆರಗು ಬಿಗಿಯಾಗಿ ಹಿಡಿಯುತ್ತಾರೆ. ವಿರೋಧಿಗಳಿಗೆ ಇದು ಹೊಳೆಯಲೇ ಇಲ್ಲ. 1978ರ ಡಿಸೆಂಬರಿನಲ್ಲಿ ಲೋಕಸಭೆಯಿಂದ ಹೊರಹಾಕಿ ಒಂದು ವಾರ ತಿಹಾರ್ ಜೈಲಿನಲ್ಲಿಟ್ಟರು. ಅಜ್ಜಿಯಂಥವರ ಪಾಲಿಗೆ ಅಲ್ಲಿಗೆ ಎಲ್ಲ ತಪ್ಪಿಗೂ ಪ್ರಾಯಶ್ಚಿತ್ತವಾಯಿತು.

ಆದರೆ ಈ ಮಮತೆಯನ್ನು ಪೂರಾ ಒಪ್ಪಲು ನನ್ನಿಂದಾಗದು. 'ಸಂಸ್ಕಾರ' ಸಿನಿಮಾದ ಚಂದ್ರಿ, ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಹಿಡಿದು ಬೆಂಗಳೂರಿನ ಜೈಲಿನಲ್ಲಿ ಎಂಟು ತಿಂಗಳಿಟ್ಟರು. ಆಸ್ತಮಾದಿಂದ ನರಳುತ್ತಿದ್ದ ಅವರು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಸೆನ್ಸಾರ್ ಇದ್ದಾಗ ಯಾರಿಗೂ ತಿಳಿಯಲಿಲ್ಲ, ಸರಿ. ಸೆನ್ಸಾರ್ ಹೋದ ಮೇಲೆ? ತಿಹಾರಿನ ಒಂದು ವಾರಕ್ಕೆ ಕಣ್ಣೀರಿಟ್ಟವರ ಬಾಯಲ್ಲಿ ನಮ್ಮದೇ ಊರಿನ ಜೈಲಿನ ಈ ಹೆಣ್ಣುಮಗಳ ಹೆಸರು ನಾನು ಕೇಳಿದ್ದಿಲ್ಲ. ನಿಷ್ಠೆಗೆ ಕಣ್ಣಿಲ್ಲವೆನ್ನುವುದು ಪೂರ್ತಿ ಸರಿಯಲ್ಲ. ಅದಕ್ಕೆ ತನ್ನ ಹೊಸ್ತಿಲವರೆಗಿನದು ಚೆನ್ನಾಗಿಯೇ ಕಾಣುತ್ತದೆ.

1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ಬೆಟರ್‌ಮೆಂಟ್ ಲೆವಿಯ ವಿರುದ್ಧ ಎದ್ದುನಿಂತ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಈ ಸಲ ಪೆಟ್ಟು ನಮ್ಮದೇ ಹೊಲದಲ್ಲಿ ಬಿತ್ತು. 1983ರ ಜನವರಿಯ ಚುನಾವಣೆಗೆ ಅಮ್ಮನೇ ಬಂದು ವೋಟು ಕೇಳಿದರೂ, ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು.