ಸೃಷ್ಟಿವಿಜ್ಞಾನ: ತೀರ್ಪಿಗೆ ಮಣಿದ ಪಂಥ

ಬೈಬಲ್ಲಿನ ಸೃಷ್ಟಿಕಥೆಯನ್ನು ವಿಜ್ಞಾನವೆಂದೇ ಮಂಡಿಸುವ ಅಮೆರಿಕದ ‘ಸೃಷ್ಟಿವಿಜ್ಞಾನ’ ಪಂಥವನ್ನು ಮೂಢನಂಬಿಕೆಯೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ನನಗೆ ಅದು ವಿಮರ್ಶೆಯಾಗಿ ಕಾಣುವುದಿಲ್ಲ. ಈ ಪಂಥ ಭಕ್ತಿಗೆ ಸಲ್ಲುವ ಮರ್ಯಾದೆಯನ್ನಷ್ಟೇ ಕೇಳಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಅದು ಕೇಳಿದ್ದು ವಿಜ್ಞಾನದ ತರಗತಿಯಲ್ಲಿ ಜಾಗ. ನಮ್ಮ ಹತ್ತಿರವೂ ಪುರಾವೆಯಿದೆ, ಬಂದು ನೋಡಿ ಎಂದಿತು. ಹಾಗಿದ್ದ ಮೇಲೆ ಆ ಪುರಾವೆಯನ್ನೇ ಕೈಗೆತ್ತಿಕೊಂಡು ನೋಡಬೇಕು.

ಭೂಮಿಯ ಶಿಲಾಪದರಗಳನ್ನು ಹಾಸಿದ್ದು ಬೈಬಲ್ಲಿನ ಜಲಪ್ರಳಯವೇ ಎಂದು ಅಡ್ವೆಂಟಿಸ್ಟ್ ಪಂಗಡದ ಜಾರ್ಜ್ ಮೆಕ್‌ಕ್ರೆಡಿ ಪ್ರೈಸ್ 1923ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಎರಡು ವರ್ಷದ ನಂತರ ಟೆನೆಸಿಯ ಡೇಟನ್ನಿನಲ್ಲಿ ವಿಕಾಸವಾದ ಕಲಿಸಿದ್ದಕ್ಕೆ ಜಾನ್ ಸ್ಕೋಪ್ಸ್ ಎಂಬ ಮೇಷ್ಟ್ರಿಗೆ ನೂರು ಡಾಲರ್ ದಂಡ ಬಿದ್ದ ಕಥೆ ಪ್ರಸಿದ್ಧ. ಆದರೆ ಪಂಥಕ್ಕೆ ನಿಜವಾದ ಬಲ ಬಂದದ್ದು 1961ರಲ್ಲಿ, ದೇವಶಾಸ್ತ್ರಜ್ಞ ಜಾನ್ ವಿಟ್‌ಕಂಬ್ ಮತ್ತು ಹೈಡ್ರಾಲಿಕ್ ಎಂಜಿನಿಯರ್ ಹೆನ್ರಿ ಮಾರಿಸ್ ಸೇರಿ ಬರೆದ ‘ದಿ ಜೆನೆಸಿಸ್ ಫ್ಲಡ್’ ಪುಸ್ತಕದಿಂದ. ಭೂಮಿಗೆ ಕೆಲವು ಸಾವಿರ ವರ್ಷವಷ್ಟೇ ವಯಸ್ಸು, ಪಳೆಯುಳಿಕೆಗಳ ಪದರಗಳು ಬಹುಮಟ್ಟಿಗೆ ಒಂದೇ ಪ್ರಳಯದ ಹೂಳು ಎಂದು ಅವರು ಅಳುಕಿಲ್ಲದೆ ಹೇಳಿದರು. ಇಷ್ಟು ನೇರವಾಗಿ ಹೇಳಿದ್ದರಿಂದಲೇ ಅದನ್ನು ಪರೀಕ್ಷಿಸಲು ಬರುತ್ತದೆ.

ನಂತರದ ಇತಿಹಾಸ ಹೆಚ್ಚಾಗಿ ನಡೆದದ್ದು ನ್ಯಾಯಾಲಯಗಳಲ್ಲಿ. ವಿಕಾಸವಾದ ಕಲಿಸಬಾರದೆಂಬ ಕಾನೂನನ್ನು 1968ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ ಮೇಲೆ ಪಂಥ ಎರಡಕ್ಕೂ ಸಮಾನ ಸಮಯ ಕೊಡಿ ಎಂದಿತು. ಹಾಗೆ ಸಮಾನ ಸಮಯ ಕೊಟ್ಟಿದ್ದ ಅರ್ಕಾನ್ಸಾದ ಕಾನೂನು 1982ರಲ್ಲಿ ಬಿತ್ತು, 1987ರಲ್ಲಿ ಲೂಸಿಯಾನಾದ್ದು. ಅದರ ಬೆನ್ನಿಗೇ ‘ಆಫ್ ಪಾಂಡಾಸ್ ಅಂಡ್ ಪೀಪಲ್’ ಎಂಬ ಶಾಲಾಪುಸ್ತಕದ ಕರಡಿನಲ್ಲಿ ಸೃಷ್ಟಿ ಎಂದಿದ್ದ ಕಡೆಯೆಲ್ಲ ‘ಇಂಟೆಲಿಜೆಂಟ್ ಡಿಸೈನ್’ (ಜೀವಿಗಳನ್ನು ಯಾವುದೋ ಬುದ್ಧಿಶಕ್ತಿ ರೂಪಿಸಿದೆ ಎಂಬ ವಾದ) ಬಂದು ಕೂತಿತು. ಸುತ್ತಲಿನ ವಾಕ್ಯಗಳು ಹೆಚ್ಚುಕಡಿಮೆ ಹಾಗೇ ಉಳಿದವು. 2005ರಲ್ಲಿ ಶಾಲೆಯಲ್ಲಿ ಇಂಟೆಲಿಜೆಂಟ್ ಡಿಸೈನ್ ತರುವುದರ ವಿರುದ್ಧ ಪೆನ್ಸಿಲ್ವೇನಿಯಾದಲ್ಲಿ ನಡೆದ ಡೋವರ್ ಮೊಕದ್ದಮೆಯಲ್ಲಿ ತತ್ತ್ವಶಾಸ್ತ್ರಜ್ಞೆ ಬಾರ್ಬರಾ ಫಾರೆಸ್ಟ್ ಈ ಕರಡುಗಳನ್ನು ನ್ಯಾಯಾಲಯದ ಮುಂದಿಟ್ಟರು. ಹೊಸ ಪಳೆಯುಳಿಕೆ ಸಿಕ್ಕಿರಲಿಲ್ಲ, ಹೊಸ ಪ್ರಯೋಗ ನಡೆದಿರಲಿಲ್ಲ. ಬಂದಿದ್ದು 1987ರ ಒಂದು ತೀರ್ಪು, ಅಷ್ಟಕ್ಕೇ ‘ಸಿದ್ಧಾಂತ’ ಬದಲಾಗಿತ್ತು. ಈ ಪಂಥದ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ.

ವಿಜ್ಞಾನದ ಪರ ನಿಂತವರ ವಾದವೂ ಎಲ್ಲ ಕಡೆ ಗಟ್ಟಿಯಾಗಿರಲಿಲ್ಲ. ಅರ್ಕಾನ್ಸಾದಲ್ಲಿ ತತ್ತ್ವಶಾಸ್ತ್ರಜ್ಞ ಮೈಕಲ್ ರೂಸ್ ವಿಜ್ಞಾನದ ಲಕ್ಷಣಗಳನ್ನು ಹೇಳಿ, ಸೃಷ್ಟಿವಿಜ್ಞಾನ ಅವುಗಳಿಗೆ ಹೊಂದದು, ಆದ್ದರಿಂದ ಅದು ವಿಜ್ಞಾನವೇ ಅಲ್ಲ ಎಂದರು. ನ್ಯಾಯಾಧೀಶ ವಿಲಿಯಂ ಓವರ್ಟನ್ ಒಪ್ಪಿದರು. ಇನ್ನೊಬ್ಬ ತತ್ತ್ವಶಾಸ್ತ್ರಜ್ಞ ಲ್ಯಾರಿ ಲೌಡನ್ ಒಪ್ಪಲಿಲ್ಲ. ಭೂಮಿಯ ವಯಸ್ಸು, ಪ್ರಳಯ ಇವೆಲ್ಲ ಪರೀಕ್ಷಿಸಬಹುದಾದ ಹೇಳಿಕೆಗಳೇ, ಪರೀಕ್ಷೆಯಾಗಿ ಸುಳ್ಳೆಂದು ಗೊತ್ತಾಗಿದೆ ಎಂಬುದು ಅವರ ವಾದ. ನಾನು ಲೌಡನ್ ಪಕ್ಷ. ವಿಜ್ಞಾನವಲ್ಲ ಎಂದುಬಿಟ್ಟರೆ ಪುರಾವೆಯ ಮಾತೇ ನಿಂತುಹೋಗುತ್ತದೆ. ಸೋತಿದೆ ಎಂದರೆ ಹೇಗೆ ಸೋತಿತೆಂದು ತೋರಿಸುವ ಹೊಣೆ ನಮ್ಮ ಮೇಲೆ ಬೀಳುತ್ತದೆ, ಬೀಳಬೇಕು ಕೂಡ.

ಆ ಸೋಲಿಗೆ ಅತ್ಯುತ್ತಮ ದಾಖಲೆ ಪಂಥದ ಒಳಗೇ ಇದೆ. ಮಾರಿಸ್ ಕಟ್ಟಿದ ಇನ್‌ಸ್ಟಿಟ್ಯೂಟ್ ಫಾರ್ ಕ್ರಿಯೇಷನ್ ರಿಸರ್ಚ್ 1997ರಲ್ಲಿ ‘ರೇಟ್’ ಎಂಬ ಯೋಜನೆ ಹಾಕಿಕೊಂಡಿತು. ಬಂಡೆಯೊಳಗಿನ ಯುರೇನಿಯಂನಂಥ ಧಾತುಗಳು ಎಷ್ಟು ಕ್ಷಯಿಸಿವೆ ಎಂದು ಅಳೆದು ಬಂಡೆಯ ವಯಸ್ಸು ಹೇಳುವ ವಿಧಾನವನ್ನು ಪ್ರಶ್ನಿಸುವುದು ಅದರ ಉದ್ದೇಶ. 2005ರಲ್ಲಿ ಹೊರಬಂದ ಫಲಿತಾಂಶದಲ್ಲಿ ಅವರು ಒಪ್ಪಿಕೊಂಡ ಮಾತು ದೊಡ್ಡದು: ಇಂದಿನ ವೇಗದಲ್ಲಿ ಲೆಕ್ಕ ಹಾಕಿದರೆ 50 ಕೋಟಿ ವರ್ಷಕ್ಕೂ ಹೆಚ್ಚಿನ ಕ್ಷಯ ನಿಜಕ್ಕೂ ನಡೆದಿದೆ. ಅದನ್ನು ಕೆಲವು ಸಾವಿರ ವರ್ಷಗಳೊಳಗೆ ಹಿಡಿಸಲು, ಸೃಷ್ಟಿಯ ವಾರದಲ್ಲೂ ಪ್ರಳಯದ ವರ್ಷದಲ್ಲೂ ಕ್ಷಯದ ವೇಗ ವಿಪರೀತ ಏರಿತ್ತು ಎಂದರು. ಹಾಗೆ ಏರಿದ್ದರೆ ಹೊಮ್ಮುವ ಶಾಖಕ್ಕೆ ಭೂಮಿಯ ಹೊರಪದರವೇ ಕರಗಬೇಕಿತ್ತು. ಆ ಶಾಖದ ಸಮಸ್ಯೆ ಬಗೆಹರಿದಿಲ್ಲವೆಂದೂ ಅವರೇ ಬರೆದರು. ಈ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ, ಆದರೆ ಅಳತೆ ಅವರ ವಿರುದ್ಧ ಬಂದಾಗ ಅವರು ಬಿಟ್ಟುಕೊಟ್ಟದ್ದು ಭೌತಶಾಸ್ತ್ರವನ್ನೇ ಹೊರತು ಊಹೆಯನ್ನಲ್ಲ. ಹಾರ್ವರ್ಡಿನಲ್ಲಿ ವಿಕಾಸವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡಿದ ಕರ್ಟ್ ವೈಸ್ ಇನ್ನೂ ಸ್ಪಷ್ಟವಾಗಿ ಹೇಳಿದರು: ವಿಶ್ವದ ಪುರಾವೆಯೆಲ್ಲ ಎದುರಾದರೂ ತಾನು ಸೃಷ್ಟಿವಾದಿಯಾಗಿಯೇ ಉಳಿಯುತ್ತೇನೆ, ಏಕೆಂದರೆ ದೇವರ ವಾಕ್ಯ ಹಾಗೆ ಹೇಳುತ್ತದೆ. ಅಲ್ಲಿಗೆ ಪುರಾವೆಯ ಚರ್ಚೆ ಮುಗಿಯಿತು.

ಇಂಟೆಲಿಜೆಂಟ್ ಡಿಸೈನ್ ಪರ ವಾದಿಸುವ ಜೀವರಸಾಯನಶಾಸ್ತ್ರಜ್ಞ ಮೈಕಲ್ ಬೀಹಿ ಬೇರೆ ಬಗೆಯವರು. ಭೂಮಿ ಹಳೆಯದೆಂದು, ಮನುಷ್ಯನಿಗೂ ವಾನರಗಳಿಗೂ ಪೂರ್ವಜರು ಒಂದೇ ಎಂದು ಒಪ್ಪುವವರು. 1996ರಲ್ಲಿ ಅವರು ಎತ್ತಿದ ಪ್ರಶ್ನೆ ಒಳ್ಳೆಯದೇ: ಬ್ಯಾಕ್ಟೀರಿಯಾ ಈಜಲು ತಿರುಗಿಸುವ ಬಾಲದಂಥ ಕಶಾಂಗದಿಂದ ಒಂದು ಭಾಗ ತೆಗೆದರೂ ಅದು ತಿರುಗುವುದಿಲ್ಲ, ಹಾಗಾದರೆ ಅದು ಹಂತಹಂತವಾಗಿ ಬೆಳೆದದ್ದು ಹೇಗೆ? ಕಶಾಂಗದ ಬುಡದ ಪ್ರೋಟೀನುಗಳನ್ನೇ ಹೋಲುವ ಪ್ರೋಟೀನುಗಳಿಂದ ಪ್ಲೇಗಿನ ರೋಗಾಣು ಸೂಜಿಯಂಥ ನಳಿಕೆ ಕಟ್ಟಿಕೊಂಡು ನಮ್ಮ ಜೀವಕೋಶಕ್ಕೆ ವಿಷ ಚುಚ್ಚುತ್ತದೆ. ಭಾಗಗಳು ಕಡಿಮೆಯಿದ್ದಾಗ ತಿರುಗುವ ಕೆಲಸ ಆಗದಿರಬಹುದು, ಇನ್ನೊಂದು ಕೆಲಸ ಆಗುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆ ಹೇಗೆ ವಿಕಾಸವಾಯಿತು ಎಂಬುದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲವೆಂದು ಬರೆದಿದ್ದ ಬೀಹಿಯವರ ಮುಂದೆ ಡೋವರ್ ಮೊಕದ್ದಮೆಯಲ್ಲಿ ಅದೇ ವಿಷಯದ 58 ಸಂಶೋಧನಾ ಲೇಖನಗಳನ್ನೂ ಒಂಬತ್ತು ಪುಸ್ತಕಗಳನ್ನೂ ಇಟ್ಟರು. ಅವು ಸಾಲವು ಎಂದು ಬೀಹಿ ಹೇಳಿದರು. ಅವರ ಕಡೆಯಿಂದ ಅಂಥ ಒಂದು ಲೇಖನವೂ ಇಲ್ಲವೆಂದು ನ್ಯಾಯಾಧೀಶ ಜಾನ್ ಜೋನ್ಸ್ ತೀರ್ಪಿನಲ್ಲಿ ದಾಖಲಿಸಿದರು. ಇದನ್ನು ಧರ್ಮವಿರೋಧಿಗಳ ತೀರ್ಪೆಂದು ತಳ್ಳಿಹಾಕಲೂ ಬರುವುದಿಲ್ಲ: ಈ ನ್ಯಾಯಾಧೀಶರನ್ನು ನೇಮಿಸಿದ್ದು ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್, ವಿಕಾಸವಾದದ ಪರ ಮೊದಲು ಸಾಕ್ಷಿ ನುಡಿದ ಕೆನೆತ್ ಮಿಲ್ಲರ್ ಶ್ರದ್ಧಾವಂತ ಕ್ಯಾಥೊಲಿಕ್.

ವಿಕಾಸವಾದದ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಪಳೆಯುಳಿಕೆ ತಜ್ಞರಾದ ನೀಲ್ ಶೂಬಿನ್, ಟೆಡ್ ಡೇಶ್ಲರ್ ಅವರ ತಂಡವನ್ನು ನೋಡಬೇಕು. ಮೀನಿನಿಂದ ನಾಲ್ಕು ಕಾಲಿನ ಪ್ರಾಣಿಯ ಕಡೆಗಿನ ತಿರುವು ಸುಮಾರು 37.5 ಕೋಟಿ ವರ್ಷದ ಹಿಂದೆ, ಆಳವಿಲ್ಲದ ನೀರಿನಲ್ಲಿ ಆಗಿರಬೇಕು ಎಂದು ಲೆಕ್ಕ ಹಾಕಿ, ಆ ವಯಸ್ಸಿನ ನದಿಮೆಕ್ಕಲಿನ ಬಂಡೆ ಎಲ್ಲಿದೆಯೆಂದು ನಕ್ಷೆಯಲ್ಲಿ ಹುಡುಕಿ, ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪಕ್ಕೆ ಹೋದರು. ಹಲವು ಬೇಸಿಗೆ ಬರಿಗೈಯಾಗಿ 2004ರಲ್ಲಿ ಟಿಕ್‌ಟಾಲಿಕ್ ಎಂಬ ಜೀವಿಯ ಪಳೆಯುಳಿಕೆ ಸಿಕ್ಕಿತು: ಹುರುಪೆ, ರೆಕ್ಕೆ ಮೀನಿನದು, ಕುತ್ತಿಗೆ, ಮಣಿಕಟ್ಟಿನ ಮೂಳೆ ನೆಲದ ಪ್ರಾಣಿಯದು. ಪ್ರಳಯದ ಊಹೆ ಹಿಡಿದು ಹೊರಟ ಯಾರಿಗೂ ಎಲ್ಲಿ ಅಗೆಯಬೇಕು, ಏನು ಸಿಗುತ್ತದೆ ಎಂದು ಹೀಗೆ ಮುಂಚಿತವಾಗಿ ಹೇಳಲಾಗಿಲ್ಲ.

ಈ ಜಗಳ ಅಮೆರಿಕದ್ದೆಂದು ನಾವು ಸುಮ್ಮನಿರುವಂತಿಲ್ಲ. 2018ರ ಜನವರಿಯಲ್ಲಿ ಕೇಂದ್ರ ಸಚಿವ ಸತ್ಯಪಾಲ್ ಸಿಂಗ್, ಕೋತಿ ಮನುಷ್ಯನಾದದ್ದನ್ನು ನಮ್ಮ ಪೂರ್ವಜರು ಯಾರೂ ಕಂಡಿಲ್ಲ, ಡಾರ್ವಿನ್ ತಪ್ಪು ಎಂದರು. ನೀವು ಅಲ್ಲಿದ್ದಿರಾ ಎಂದು ಕೇಳಲು ಮಕ್ಕಳಿಗೆ ಕಲಿಸುವ ಅಮೆರಿಕದ ಸೃಷ್ಟಿವಾದಿಗಳ ವಾದವೂ ಇದೇ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಖಂಡಿಸಿದವು. ಆದರೂ 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸದ ಪಾಠ ಹೊರಬಿತ್ತು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಅದು ಉಳಿದಿದೆ. ಹತ್ತನೆಯ ತರಗತಿಯ ಆ ಪುಸ್ತಕ ಓದಿ, ನಂತರ ಕಾಮರ್ಸ್ ಹಿಡಿಯುವ ಹುಡುಗಿಗೆ ಶಾಲೆಯಲ್ಲಿ ಆ ಪಾಠ ಎದುರಾಗುವುದೇ ಇಲ್ಲ.