ನಿಸರ್ಗದ ಆಕಾರವೋ, ನಿಸರ್ಗದ ಲೆಕ್ಕವೋ?

ನಿಸರ್ಗವನ್ನು ನೋಡಿ ವಿನ್ಯಾಸ ಮಾಡಬೇಕೆನ್ನುವ ಎರಡು ಚಿಂತನೆಗಳಿವೆ. ಒಂದು, ಜಾನಿನ್ ಬೆನ್ಯುಸ್ 1997ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಬಯೋಮಿಮಿಕ್ರಿ, ಅಂದರೆ ಜೀವಾನುಕರಣೆ. ಇನ್ನೊಂದು, ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1978ರಲ್ಲಿ ಮುಂದಿಟ್ಟ ಪರ್ಮಾಕಲ್ಚರ್, ಅಂದರೆ ಶಾಶ್ವತ ಕೃಷಿ. ಇವೆರಡೂ ಒಂದೇ ಎನ್ನುವವರುಂಟು. ವಿಜಯಪುರದ ಎರೆಹೊಲದಲ್ಲಿ ನಿಂತು ನೋಡಿದರೆ ಈ ಮಾತು ಅರ್ಧ ಮಾತ್ರ ನಿಜ.

ಬೆನ್ಯುಸ್ ನಿಸರ್ಗವನ್ನು ಮಾದರಿ, ಅಳತೆಗೋಲು, ಗುರು ಎಂದು ಮೂರು ಬಗೆಯಲ್ಲಿ ಕಾಣುತ್ತಾರೆ. ಆದರೆ ಹೆಸರಾಂತ ಉದಾಹರಣೆಗಳಲ್ಲಿ ಮಾದರಿಯಷ್ಟೇ ಉಳಿದಿರುವುದುಂಟು. ಬಟ್ಟೆಗೆ ಅಂಟುವ ಮುಳ್ಳುಕಾಯಿಯ ಕೊಕ್ಕೆ ನೋಡಿ ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ ವೆಲ್ಕ್ರೋ ರೂಪಿಸಿದರು. ಮುಳ್ಳುಕಾಯಿ ಕೊಳೆತು ಮಣ್ಣಾಗುತ್ತದೆ, ನೈಲಾನ್ ಪಟ್ಟಿ ಆಗುವುದಿಲ್ಲ. ಆಕಾರ ಬಂತು, ಚಕ್ರ ಬರಲಿಲ್ಲ.

ಅಳತೆಗೋಲನ್ನು ನಿತ್ಯದ ಕೆಲಸಕ್ಕಿಳಿಸಿದ್ದು ಪರ್ಮಾಕಲ್ಚರಿನ ಹೆಚ್ಚುಗಾರಿಕೆ. ಹೋಮ್‌ಗ್ರೆನ್ 2002ರಲ್ಲಿ ಕೊಟ್ಟ 12 ತತ್ತ್ವಗಳಲ್ಲಿ ಮೊದಲನೆಯದೇ ಗಮನಿಸಿ ಸ್ಪಂದಿಸುವುದು. ಆದರೆ ಇಲ್ಲಿಯೂ ನಕಲಿನ ಅಪಾಯ ತಪ್ಪಿದ್ದಲ್ಲ. ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ಕಂದಕ ತೋಡುವುದು ಪರ್ಮಾಕಲ್ಚರ್ ಪುಸ್ತಕಗಳ ಮೆಚ್ಚಿನ ಚಿತ್ರ. ಆಳವಾದ ಎರೆಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ, ನೆನೆದಾಗ ಉಬ್ಬಿ ಮುಚ್ಚಿಕೊಳ್ಳುತ್ತದೆ. ಆಗ ನೀರು ಇಂಗುವುದು ನಿಧಾನವಾಗಿ ಕಂದಕದಲ್ಲೇ ನಿಲ್ಲುತ್ತದೆ; ಬಿರುಕುಬಿಟ್ಟ ಒಡ್ಡು ಮುಂದಿನ ಮಳೆಗೆ ಒಡೆಯುತ್ತದೆ. ಚಿತ್ರ ನೋಡಿ ತೋಡಿದ ರೈತನಿಗೆ ದುಡ್ಡೂ ಹೋಯಿತು, ಮಣ್ಣೂ ಹೋಯಿತು.

ವಿಜಯಪುರದಲ್ಲಿ 1930ರ ದಶಕದಿಂದಲೂ ಒಣಬೇಸಾಯದ ಸಂಶೋಧನೆ ನಡೆದಿದೆ. ಇಂಥ ನೆಲಕ್ಕೆ ಇಲ್ಲಿ ಶಿಫಾರಸಾದದ್ದು ಚೌಕು ಮಡಿ. ಮುಂಗಾರಿನಲ್ಲಿ ಹೊಲವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಮಾಡಿದರೆ, ಬಿದ್ದ ಮಳೆ ಬಿದ್ದಲ್ಲೇ ತುಸುತುಸುವಾಗಿ ಇಂಗುತ್ತದೆ. ಆ ತೇವದ ಮೇಲೆ ಹಿಂಗಾರಿ ಬಿಳಿಜೋಳ, ಕಡಲೆ ಬೆಳೆಯುತ್ತವೆ. ಚೌಕು ಮಡಿ ಯಾವ ಜೀವಿಯ ಆಕಾರವನ್ನೂ ಹೋಲುವುದಿಲ್ಲ. ಆದರೂ ಅದು ಪರ್ಮಾಕಲ್ಚರಿನ ಮೊದಲ ತತ್ತ್ವಕ್ಕೂ, ಸ್ಥಳೀಯ ಪರಿಣತಿ ಬೇಕೆಂಬ ಬೆನ್ಯುಸ್ ಅವರ ಮಾತಿಗೂ ಒಪ್ಪುತ್ತದೆ.

ತಿಕೋಟಾ ಭಾಗದ ದ್ರಾಕ್ಷಿ ತೋಟಗಳನ್ನೂ ಇದೇ ಅಳತೆಗೋಲಿನಿಂದ ನೋಡಬೇಕು. ಹನಿ ನೀರಾವರಿ ಬೇರಿಗೆ ಬೇಕಾದಷ್ಟೇ ನೀರು ಕೊಡುವ ಜಾಣ ವಿನ್ಯಾಸ. ಆದರೆ ಉಳಿದ ನೀರಿನಿಂದ ತೋಟವನ್ನೇ ವಿಸ್ತರಿಸಿದರೆ ಕೊಳವೆಬಾವಿಗೆ ಉಳಿತಾಯವೇನೂ ಆಗುವುದಿಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಮೇಲೇರುತ್ತದೆ, ನಿಜ; ಏರಿಸಲು ವಿದ್ಯುತ್ತು ಬೇಕು. ನಿಸರ್ಗ ಬಿಸಿಲಿನ ಬಲದಿಂದ ನಡೆಯುತ್ತದೆ, ಮಿತಿಯನ್ನೇ ಶಕ್ತಿಯಾಗಿಸಿಕೊಳ್ಳುತ್ತದೆ ಎನ್ನುವ ಬೆನ್ಯುಸ್ ಅವರ ಪಟ್ಟಿಯನ್ನು ಇಲ್ಲಿ ನೆನೆಯಬೇಕು.

ಹೀಗೆ ಜೀವಾನುಕರಣೆ ಉಪಾಯವನ್ನು ಕೊಡುತ್ತದೆ, ಪರ್ಮಾಕಲ್ಚರ್ ಆ ಉಪಾಯದ ಜಮಾಖರ್ಚು ಕೇಳುತ್ತದೆ. ಎರಡಕ್ಕೂ ಉತ್ತರ ಹೇಳಬೇಕಾದದ್ದು ಆಯಾ ಊರಿನ ಮಣ್ಣು. ಹೊಸ ವಿನ್ಯಾಸವನ್ನು ಹೊಲಕ್ಕೆ ತರುವ ಮುನ್ನ, ಅದು ನಿಸರ್ಗದಂತೆ ಕಾಣುತ್ತದೆಯೇ ಎಂದಲ್ಲ, ಈ ನೆಲದ ಮಳೆಯ ಲೆಕ್ಕಕ್ಕೆ ಕೂಡುತ್ತದೆಯೇ ಎಂದು ಕೇಳುವುದು ಒಳಿತು.